ಪದಚರ್ಚೆ: ಸಿನಿಮಾದ ‘ಟ್ವಿಸ್ಟ್’ಗೆ ಫಲಕದಲ್ಲಿ ಏನೆಂದು ಬರೆಯಬೇಕು?

ಶಿವಮೊಗ್ಗದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಸಿನಿಮಾಸಕ್ತರ ಬಳಗವೊಂದು ಈ ಭಾನುವಾರ ಆನ್ರಿ ಜಾರ್ಜ್ ಕ್ಲೂಜೋ ನಿರ್ದೇಶಿಸಿದ 1955ರ ಫ್ರೆಂಚ್ ಚಿತ್ರ ‘ಲೆ ದಿಯಾಬೊಲಿಕ್’ಅನ್ನು ತೋರಿಸಲಿದೆ. ಎರಡು ಪುಟದ ಪರಿಚಯಪತ್ರವನ್ನೂ ಬಾಗಿಲ ಬಳಿ ನಿಲ್ಲಿಸುವ ಒಂದು ಫಲಕವನ್ನೂ ಕನ್ನಡದಲ್ಲಿ ಸಿದ್ಧಪಡಿಸುವ ಹೊಣೆ ನನ್ನದು. ಗುರುವಾರ ಸಂಜೆಯೊಳಗೆ ಎರಡನ್ನೂ ಮುದ್ರಣಕ್ಕೆ ಕೊಡಬೇಕಾಗಿದೆ.

ಪರಿಚಯಪತ್ರದಲ್ಲಿ ನನಗೆ ಎರಡು ಪದಗಳು ಬೇಕು. ಕತೆ ನಡುವೆ ಎಲ್ಲೋ ನಾವು ಎಣಿಸದ ಕಡೆಗೆ ಹೊರಳುವುದಕ್ಕೆ ಒಂದು, ಕೊನೆಯ ಕೆಲವು ನಿಮಿಷಗಳಲ್ಲಿ ಅದುವರೆಗೆ ನಂಬಿದ್ದೆಲ್ಲ ಸುಳ್ಳಾಗುವುದಕ್ಕೆ ಇನ್ನೊಂದು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಟ್ವಿಸ್ಟ್’ ಎಂದೇ ಹೇಳಿ ಮುಗಿಸುತ್ತಾರೆ. ನಾನು ‘ಅನಿರೀಕ್ಷಿತ ಅಂತ್ಯತಿರುವು’ ಎಂದು ಬರೆದುಕೊಂಡಿದ್ದೆ. ಓದಿದ ಗೆಳೆಯರೊಬ್ಬರು ಇದು ಘಾಟಿ ರಸ್ತೆಯ ಎಚ್ಚರಿಕೆಯ ಫಲಕದಂತಿದೆ ಎಂದರು. ‘ಟ್ವಿಸ್ಟ್’ ಎಂದೇ ಬಿಡಬಹುದು. ಆದರೆ ಸುದ್ದಿವಾಹಿನಿಗಳು ದಿನವೂ ಪ್ರತಿಯೊಂದು ಪ್ರಕರಣಕ್ಕೂ ‘ಬಿಗ್ ಟ್ವಿಸ್ಟ್’ ಕೊಟ್ಟು ಆ ಪದದ ಬೆಲೆಯನ್ನು ಕಳೆದಿರುವುದರಿಂದ, ಒಂದು ಒಳ್ಳೆಯ ಚಿತ್ರದ ಪರಿಚಯದಲ್ಲಿ ಅದನ್ನು ಬಳಸಲು ಮನಸ್ಸು ಬರುತ್ತಿಲ್ಲ. ದಯವಿಟ್ಟು ಬೇಗ ತಿಳಿಸಿ.

ಮೈಸೂರಿನಿಂದ

‘ಅಂತ್ಯತಿರುವು’ ಎಂಬುದನ್ನು ಮೊದಲು ಅಳಿಸಿ. ಸಂಸ್ಕೃತದ ‘ಅಂತ್ಯ’ಕ್ಕೆ ಕನ್ನಡದ ‘ತಿರುವು’ ಸೇರಿಸಿರುವ ಇದು ಶುದ್ಧ ಅರಿಸಮಾಸ. ಗಮಕ ಮತ್ತು ಕ್ರಿಯಾಸಮಾಸಗಳಿಗೆ, ಬಿರುದುಗಳಿಗೆ, ಪೂರ್ವಕವಿಗಳ ಪ್ರಯೋಗಗಳಿಗೆ ಇರುವ ವಿನಾಯಿತಿ ನಿನ್ನೆ ಹುಟ್ಟಿದ ಪದಕ್ಕೆ ಅನ್ವಯಿಸುವುದಿಲ್ಲ. ‘ಅನಿರೀಕ್ಷಿತ ತಿರುವು’ ಎಂದು ಬಿಡಿಯಾಗಿ ಬರೆದರೆ ದೋಷವಿಲ್ಲವಾದರೂ ಅದು ವಿವರಣೆಯೇ ಹೊರತು ಪಾರಿಭಾಷಿಕ ಪದವಲ್ಲ.

ಪಾರಿಭಾಷಿಕ ಪದ ಬೇಕೆಂದರೆ ನಾವು ಹೊಸದಾಗಿ ಹುಡುಕಬೇಕಾದ ಅಗತ್ಯವೇ ಇಲ್ಲ. ನಾಟ್ಯಶಾಸ್ತ್ರವು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಕಥಾವಸ್ತುವಿಗೆ ಐದು ಸಂಧಿಗಳನ್ನು, ಎಂದರೆ ಘಟ್ಟಗಳನ್ನು, ಹೇಳುತ್ತದೆ ಮತ್ತು ಕಾವ್ಯ ಯಾವುದೇ ಇರಲಿ, ಕೊನೆಯದಾದ ನಿರ್ವಹಣದಲ್ಲಿ ಅದ್ಭುತರಸ ಇರಲೇಬೇಕು ಎಂದು ವಿಧಿಸುತ್ತದೆ. ಕೊನೆಯಲ್ಲಿ ಬೆರಗಾಗಬೇಕು ಎಂಬುದು ಪಶ್ಚಿಮದಿಂದ ಬಂದ ಹೊಸ ಮಾತಲ್ಲ ಎಂಬುದನ್ನು ಬಳಗದ ಎಳೆಯರು ಗಮನಿಸಬೇಕು. ಆದ್ದರಿಂದ ಕೊನೆಯದಕ್ಕೆ ‘ನಿರ್ವಹಣಾದ್ಭುತ’ ಎಂದೂ ನಡುವಿನದಕ್ಕೆ ‘ಪತಾಕಾಸ್ಥಾನಕ’ ಎಂದೂ ಬಳಸಬಹುದು. ಒಂದನ್ನು ಎಣಿಸುತ್ತಿರುವಾಗ ಆಕಸ್ಮಿಕವಾಗಿ ಅದನ್ನೇ ಹೋಲುವ ಇನ್ನೊಂದು ಬಂದು ಕೂಡಿಕೊಳ್ಳುವುದೇ ಪತಾಕಾಸ್ಥಾನಕ. ಉತ್ತರರಾಮಚರಿತದ ಮೊದಲ ಅಂಕದಲ್ಲಿ ರಾಮನು, ಸೀತೆಯದೆಲ್ಲವೂ ತನಗೆ ಪ್ರಿಯ, ಅವಳ ವಿರಹವೊಂದೇ ಅಸಹನೀಯ ಎಂದು ಹೇಳಿ ಬಾಯಿ ಮುಚ್ಚುವ ಮೊದಲೇ ಪ್ರತೀಹಾರಿ ಒಳಬಂದು ‘ದೇವ, ಉಪಸ್ಥಿತಃ’ ಎನ್ನುತ್ತಾಳೆ. ಅವಳು ಹೇಳಿದ್ದು ಗೂಢಚಾರನಾದ ದುರ್ಮುಖನು ಬಂದನೆಂದು. ಕೇಳುವವರ ಕಿವಿಗೆ ಬೀಳುವುದು ವಿರಹವೇ ಬಂದಿತೆಂದು. ಇದಕ್ಕಿಂತ ಸೂಕ್ಷ್ಮವಾದುದು ಬೇಕೆ?

ಉಡುಪಿಯಿಂದ

ವಾರದ ಕೆಲಸ ಮುಗಿಸಿ ಭಾನುವಾರ ಸಿನಿಮಾ ನೋಡಲು ಬರುವವರ ಮುಂದೆ ‘ನಿರ್ವಹಣಾದ್ಭುತ’ ಎಂಬ ಫಲಕ ನಿಲ್ಲಿಸುವುದು ಸಲ್ಲದು. ನಿರ್ವಹಣೆ ಎಂದರೆ ಇಂದಿನ ಕನ್ನಡಿಗರಿಗೆ ರಸ್ತೆಯ ಮತ್ತು ಕಟ್ಟಡದ ನಿರ್ವಹಣೆ. ಇದನ್ನು ಇಲ್ಲಿಗೆ ಬಿಡೋಣ.

ನಮ್ಮ ನುಡಿಯಲ್ಲಿಯೇ ಒಂದು ಒಳ್ಳೆಯ ಪದವಿದೆ. ಅದು ‘ಮಗುಚು’. ಕಾವಲಿಯ ಮೇಲಿನ ದೋಸೆಯನ್ನು ಮಗುಚುತ್ತೇವೆ, ಅಳಿವೆಯಲ್ಲಿ ದೋಣಿ ಮಗುಚುತ್ತದೆ. ಎರಡರಲ್ಲಿಯೂ ಮೇಲಿದ್ದುದು ಕೆಳಗಾಗುತ್ತದೆ ಮತ್ತು ಅದುವರೆಗೆ ಕಾಣದೆ ಇದ್ದ ಮೈ ಕಾಣಿಸುತ್ತದೆ. ಸಿನಿಮಾದ ಕೊನೆಯಲ್ಲಿ ಆಗುವುದೂ ಇದೇ ಅಲ್ಲವೆ? ಹಳಗನ್ನಡದಲ್ಲಿ ‘ಮಗುಳ್’ ಎಂದರೆ ಹಿಂದಿರುಗು, ‘ಮಗುಳೆ’ ಎಂದರೆ ಮತ್ತೆ. ಮಗುಚಿದ ಕತೆಯನ್ನು ಮಗುಳೆ ನೋಡಬೇಕೆನ್ನಿಸುತ್ತದೆ ಎಂಬ ಅರ್ಥವೂ ಬೇರಿನಲ್ಲಿಯೇ ಅಡಗಿದೆ. ನಡುವಿನದನ್ನು ‘ಹೊರಳು’ ಎಂದೂ ಕೊನೆಯದನ್ನು ‘ಕೊನೆಮಗುಚು’ ಎಂದೂ ಕರೆಯಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. 13ನೆಯ ಶತಮಾನದಲ್ಲಿ ಆಂಡಯ್ಯ ತತ್ಸಮಗಳ ಹಂಗಿಲ್ಲದೆ ಇಡೀ ಕಾವ್ಯವನ್ನೇ ಬರೆದ ಮೇಲೆ ನಾವು ಒಂದು ಫಲಕ ಬರೆಯಲು ಹೆದರಬಾರದು. ‘ಆಶ್ಚರ್ಯಕರ’ ಎಂದೂ ಬರೆಯಬೇಡಿ, ‘ಅಚ್ಚರಿಯ’ ಎನ್ನಿ. ಅದು ಅಚ್ಚಕನ್ನಡ.

ಮೈಸೂರಿನಿಂದ

‘ಅಚ್ಚರಿ’ಯು ‘ಆಶ್ಚರ್ಯ’ದ ತದ್ಭವ. ಆಂಡಯ್ಯನೂ ತದ್ಭವಗಳನ್ನು ಧಾರಾಳವಾಗಿ ಬಳಸಿದ್ದಾನೆ. ಅಚ್ಚಕನ್ನಡದ ಬಗ್ಗೆ ಪಾಠ ಹೇಳುವ ಮೊದಲು ಇಷ್ಟನ್ನು ತಿಳಿದುಕೊಂಡಿರಬೇಕು.

ಬೆಂಗಳೂರಿನಿಂದ

ನಾನು ಕೆಲವು ವರ್ಷಗಳಿಂದ ಚಿತ್ರಗಳಿಗೆ ಅಡಿಬರಹ ಬರೆಯುತ್ತಿದ್ದೇನೆ. ಅಡಿಬರಹಕ್ಕೆ ಎರಡು ಸಾಲು ಮಾತ್ರ ಜಾಗ, ನೋಡುವವರಿಗೆ ಅದನ್ನು ಓದಲು ಕೆಲವೇ ಕ್ಷಣ. ಆ ಕ್ಷಣದಲ್ಲಿ ಅರ್ಥವಾಗದ ಪದ ಎಷ್ಟೇ ಅಚ್ಚಗನ್ನಡವಾಗಿದ್ದರೂ ಕೆಲಸಕ್ಕೆ ಬಾರದು. ‘ಕೊನೆಮಗುಚು’ ಅಂಥದು. ಜನ ‘ಟ್ವಿಸ್ಟು’ ಎನ್ನುತ್ತಾರೆ. ಕೊನೆಗೆ ಉಕಾರ ಸೇರಿಸಿ ಬಸ್ಸು, ಕಾರು, ಲಿಸ್ಟುಗಳ ಸಾಲಿಗೆ ಅದನ್ನು ಆಗಲೇ ಸೇರಿಸಿಕೊಂಡಿದ್ದಾರೆ. ಕುರ್ಚಿ, ಅರ್ಜಿ, ಜಮೀನುಗಳು ಬಂದಾಗಲೂ ಯಾರೋ ಹೀಗೆಯೇ ಬಾಗಿಲಲ್ಲಿ ನಿಂತು ತಡೆದಿರಬೇಕು. ಅವರ ಮಾತನ್ನು ಯಾರೂ ಕೇಳಲಿಲ್ಲ. ಸಿನಿಮಾ ಎಂಬ ಪದವನ್ನೇ ಎರವಲು ಪಡೆದಿರುವಾಗ ಅದರೊಳಗಿನ ಒಂದು ಸಂಗತಿಯ ಹೆಸರಿಗೆ ಇಷ್ಟು ಜಗಳ ಅನಗತ್ಯ.

ಧಾರವಾಡದಿಂದ

ಪ್ರಶ್ನೆ ಕೇಳಿದವರಿಗೆ ಸಮಯವಿಲ್ಲ. ಆದ್ದರಿಂದ ಮೊದಲು ಉತ್ತರ ಹೇಳಿ ಆಮೇಲೆ ಕಾರಣಗಳಿಗೆ ಬರುತ್ತೇನೆ. ನಡುವಿನದಕ್ಕೆ ‘ತಿರುವು’ ಎಂದು ಬರೆಯಿರಿ. ಕೊನೆಯದಕ್ಕೆ ‘ಕೊನೆಯ ತಿರುವು’ ಎಂದು, ಷಷ್ಠಿ ವಿಭಕ್ತಿಯನ್ನು ಉಳಿಸಿಕೊಂಡು, ಎರಡು ಪದವಾಗಿಯೇ ಬರೆಯಿರಿ. ಆಗ ಅರಿಸಮಾಸದ ಪ್ರಶ್ನೆಯೇ ಏಳುವುದಿಲ್ಲ. ಆ ನಿಯಮದ ಬಗ್ಗೆ ನನಗೆ ಗೌರವವಿದೆಯಾದರೂ ದಿನಗೂಲಿ, ಶಾಲಾಮಕ್ಕಳು ಎಂಬ ಪದಗಳನ್ನು ದಿನವೂ ಆಡುವ ನಮಗೆ ಅದರ ಹೆಸರಿನಲ್ಲಿ ಬೇರೆಯವರ ಪದವನ್ನು ಹೊಡೆದುಹಾಕುವ ಅಧಿಕಾರ ಇಲ್ಲವೆಂದು ನಾನು ತಿಳಿದಿದ್ದೇನೆ.

ಎರವಲಿನ ವಿಷಯ. ಕುರ್ಚಿ, ಅರ್ಜಿಗಳ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಆ ಪದಗಳು ಬಂದದ್ದು ಆ ವಸ್ತುಗಳ ಜೊತೆಗೆ, ಆ ಆಡಳಿತದ ಜೊತೆಗೆ. ಕತೆ ಹೊರಳುವುದು ನಮಗೆ ಹೊಸ ವಸ್ತುವಲ್ಲ, ‘ತಿರುವು’ ಎಂಬ ಪದವೂ ಹೊಸದಲ್ಲ. ‘ಪ್ರಕರಣಕ್ಕೆ ಹೊಸ ತಿರುವು’ ಎಂದು ಪತ್ರಿಕೆಗಳು ವಾಹಿನಿಗಳಿಗಿಂತ ಮೊದಲೇ ಬರೆಯುತ್ತಿದ್ದವು. ನೆರೆಯ ತಮಿಳರು ಇದೇ ಬೇರಿನಿಂದ ‘ತಿರುಪ್ಪಂ’ ಎನ್ನುತ್ತಾರೆ, ತೆಲುಗರು ‘ಮಲುಪು’ ಎನ್ನುತ್ತಾರೆ. ಅವರ ಸಿನಿಮಾ ಬರಹಗಳು ಇದರಿಂದ ಬಡವಾಗಿಲ್ಲ. ಘಾಟಿ ರಸ್ತೆಯ ನೆನಪಾಗುತ್ತದೆ ಎಂಬ ಆಕ್ಷೇಪವನ್ನು ನಾನು ಆಕ್ಷೇಪವೆಂದೇ ಎಣಿಸುವುದಿಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಪ್ರತಿಯೊಂದರ ಆಚೆಗೆ ಏನಿದೆ ಎಂಬುದು ತಿರುಗುವವರೆಗೆ ಕಾಣುವುದಿಲ್ಲ, ತಿರುಗಿದ ಮೇಲೆ ಬಂದ ದಾರಿಯೇ ಕಾಲ ಕೆಳಗೆ ಬೇರೆಯಾಗಿ ಕಾಣುತ್ತದೆ. ಪದವೊಂದು ತನ್ನೊಳಗೆ ಇಂಥ ಚಿತ್ರವನ್ನು ಇಟ್ಟುಕೊಂಡಿರುವುದು ಅದರ ಭಾಗ್ಯ.

ಒಂದು ಎಚ್ಚರಿಕೆ ಮಾತ್ರ ಬೇಕು. ಇಂಗ್ಲಿಷ್ ಪದದ ಮೂಲಾರ್ಥವನ್ನು ಹಿಡಿದು ಯಾರಾದರೂ ‘ತಿರುಚು’ ಎಂದು ಬರೆಯಹೊರಟರೆ ಒಪ್ಪಬೇಡಿ. ಕೈ ತಿರುಚುವುದು, ಹೇಳಿಕೆ ತಿರುಚುವುದು ಎಂಬಲ್ಲೆಲ್ಲ ಬಲಾತ್ಕಾರ ಅಥವಾ ಮೋಸ ಇದೆ. ‘ಕತೆಯನ್ನು ತಿರುಚಿದ್ದಾರೆ’ ಎಂದರೆ ಅದು ನಿರ್ದೇಶಕನ ಮೇಲಿನ ದೂರಾಗುತ್ತದೆ.

ಉಡುಪಿಯವರ ‘ಮಗುಚು’ ನನಗೂ ಇಷ್ಟವಾಯಿತು. ಆದರೆ ಕ್ರಿಯಾಪದವಾಗಿ ಮಾತ್ರ. ‘ಕೊನೆಯ ಹತ್ತು ನಿಮಿಷದಲ್ಲಿ ಕತೆಯೇ ಮಗುಚಿಕೊಳ್ಳುತ್ತದೆ’ ಎಂದು ಪರಿಚಯಪತ್ರದಲ್ಲಿ ಬರೆದರೆ ಓದುವವರ ಕಣ್ಣಿಗೆ ಕಟ್ಟುತ್ತದೆ. ‘ಕೊನೆಮಗುಚು’ ಎಂಬ ನಾಮಪದವನ್ನು ಮಾಡಿಟ್ಟರೆ ಅದಕ್ಕೆ ಪಕ್ಕದಲ್ಲಿಯೇ ಅರ್ಥ ಬರೆಯಬೇಕಾಗುತ್ತದೆ. ಇನ್ನು ಮತ್ತೆ ನೋಡುವ ಅರ್ಥ ‘ಮಗುಳ್’ನಲ್ಲಿ ಮಾತ್ರ ಇದೆ ಎಂಬುದು ಸರಿಯಲ್ಲ. ‘ತಿರುಗು’ ಎಂಬುದಕ್ಕೂ ಸುತ್ತು, ಬೇರೆ ಕಡೆಗೆ ಹೊರಳು, ಹಿಂದಕ್ಕೆ ಬಾ ಎಂಬ ಮೂರೂ ಅರ್ಥಗಳಿವೆ. ನಮ್ಮ ಕಡೆಯ ಹಿರಿಯರು ‘ತಿರುಗಿ ಹೇಳು’ ಎಂದರೆ ಮತ್ತೊಮ್ಮೆ ಹೇಳು ಎಂದೇ ಅರ್ಥ. ಒಳ್ಳೆಯ ಕೊನೆಯ ತಿರುವು ಕತೆಯನ್ನು ಮುಂದಕ್ಕೆ ತಿರುಗಿಸುವುದಕ್ಕಿಂತ ಹೆಚ್ಚಾಗಿ ನಮ್ಮ ಮುಖವನ್ನು ಹಿಂದಕ್ಕೆ ತಿರುಗಿಸುತ್ತದೆ. 2013ರ ‘ಲೂಸಿಯಾ’ದಲ್ಲಿ ಕನಸು ಯಾವುದು, ಎಚ್ಚರ ಯಾವುದು ಎಂಬ ನಮ್ಮ ತಿಳಿವಳಿಕೆಯೇ ಕೊನೆಯಲ್ಲಿ ಅದಲುಬದಲಾದಾಗ, ಮುಂದೇನು ಎಂಬ ಪ್ರಶ್ನೆ ನಿಂತುಹೋಗಿ, ಮೊದಲಿನಿಂದ ನೋಡಿದ್ದು ಏನು ಎಂಬ ಪ್ರಶ್ನೆ ಹುಟ್ಟುತ್ತದೆ. ಆ ಹಿಂತಿರುಗುವಿಕೆಯೂ ಪದದಲ್ಲಿ ಇರಬೇಕೆಂದರೆ ‘ತಿರುವು’ ಅದನ್ನು ಹೊತ್ತುಕೊಂಡೇ ಬಂದಿದೆ.

ಮೈಸೂರಿನ ಹಿರಿಯರ ಪತಾಕಾಸ್ಥಾನಕಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಚರ್ಚೆಯ ತೊಡಕು ಅಲ್ಲಿಯೇ ಇದೆ. ಅವರು ಕೊಟ್ಟ ಉದಾಹರಣೆ ಸರಿಯಾದುದು, ಆದರೆ ಅದು ಅವರ ವಾದಕ್ಕೆ ವಿರುದ್ಧವಾಗಿದೆ. ‘ಉಪಸ್ಥಿತಃ’ ಎಂಬ ಮಾತು ಬಿದ್ದ ಕೂಡಲೆ ವಿರಹ ಬಂತೆಂದು ಸಭೆಗೆ ತಿಳಿಯುತ್ತದೆ, ರಾಮನಿಗೆ ತಿಳಿಯುವುದಿಲ್ಲ. ನೋಡುವವನಿಗೆ ಮೊದಲೇ ಸುಳಿವು ಕೊಡುವುದು ಅದರ ಕೆಲಸ. ಸಿನಿಮಾದ ತಿರುವು ನೋಡುವವನಿಂದಲೇ ಮುಚ್ಚಿಡುತ್ತದೆ. ಲಕ್ಷ್ಮೀಶನ ಚಂದ್ರಹಾಸನ ಕತೆಯನ್ನು ನೆನೆಯಿರಿ. ದುಷ್ಟಬುದ್ಧಿ ಬರೆದ ಕಾಗದದಲ್ಲಿ ‘ವಿಷ’ವೆಂದು ಇದ್ದುದನ್ನು ಅವನ ಮಗಳು ವಿಷಯೆ ತನ್ನ ಹೆಸರಾಗುವಂತೆ ‘ವಿಷಯೆ’ ಎಂದು ತಿದ್ದಿದಾಗ ಸಾಯಬೇಕಾಗಿದ್ದವನು ಮದುಮಗನಾಗುತ್ತಾನೆ. ಒಂದು ಅಕ್ಷರದಿಂದ ಕತೆ ಇಷ್ಟು ಹೊರಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅವಳು ತಿದ್ದುವುದನ್ನು ನಾವು ಕಣ್ಣಾರೆ ಕಾಣುತ್ತೇವೆ. ಬೆರಗಾಗುವವನು ದುಷ್ಟಬುದ್ಧಿ ಮಾತ್ರ. ಹರಿಕತೆಗೂ ಬಯಲಾಟಕ್ಕೂ ಬರುವವರು ಕೊನೆಯನ್ನು ತಿಳಿದೇ ಬರುತ್ತಿದ್ದರು. ತಿರುವು ಕತೆಯಲ್ಲಿ ಆಗುತ್ತದೆ, ಬೆರಗು ನೋಡುವವನಲ್ಲಿ ಆಗುತ್ತದೆ, ಒಂದು ಇದ್ದಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ. ಇಂಗ್ಲಿಷಿನ ಪದ ಇವೆರಡನ್ನೂ ಗಂಟುಹಾಕಿಬಿಟ್ಟಿದೆ. ಆ ಗಂಟನ್ನು ಹಾಗೆಯೇ ಕನ್ನಡಕ್ಕೆ ತರಲು ಹೋಗಿ ನಾವು ಮೂರು ದಿನದಿಂದ ಜಗಳವಾಡುತ್ತಿದ್ದೇವೆ.

ಇದಕ್ಕೆ ಮೂರನೆಯದೊಂದನ್ನೂ ಸೇರಿಸಬೇಕು. ಹಿಚ್‌ಕಾಕ್ 1960ರ ‘ಸೈಕೋ’ ಬಿಡುಗಡೆಯಾದಾಗ ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಚಿತ್ರಮಂದಿರಗಳಿಗೆ ಕಟ್ಟುನಿಟ್ಟು ಮಾಡಿದರು. ಕಥಾನಾಯಕಿ ಎಂದು ನಾವು ನಂಬಿದ್ದವಳು ಚಿತ್ರ ಅರ್ಧ ಮುಗಿಯುವ ಮೊದಲೇ ಕೊಲೆಯಾಗುತ್ತಾಳಾದ್ದರಿಂದ, ತಡವಾಗಿ ಬಂದವರು ಅವಳಿಗಾಗಿಯೇ ಕಾದು ಕೂರುತ್ತಿದ್ದರು. ಆ ಕೊಲೆ ತಿರುವು. ಕೊಂದವರು ಯಾರು ಎಂದು ಕೊನೆಯಲ್ಲಿ ತಿಳಿಯುವುದು ತಿರುವಲ್ಲ, ಅದು ಗುಟ್ಟು ಬಯಲಾಗುವುದು. ಪತ್ತೇದಾರಿ ಚಿತ್ರಗಳಲ್ಲಿ ಬಹುಪಾಲು ಕೊನೆಗಳು ಈ ಬಗೆಯವು. ಅವನ್ನೆಲ್ಲ ತಿರುವು ಎಂದು ಕರೆದರೆ ವಾಹಿನಿಗಳ ‘ಬಿಗ್ ಟ್ವಿಸ್ಟ್’ಗೆ ಆದ ಗತಿಯೇ ಈ ಪದಕ್ಕೂ ಆಗುತ್ತದೆ. ಭಾನುವಾರದ ಚಿತ್ರದಲ್ಲಿ ಇರುವುದು ಯಾವುದೆಂದು ನಾನು ಇಲ್ಲಿ ಹೇಳಲಾರೆ, ನೋಡದವರು ಈ ಬಳಗದಲ್ಲಿಯೂ ಇದ್ದಾರೆ. ಪ್ರಶ್ನೆ ಕೇಳಿದವರು ತಾವೇ ಚಿತ್ರವನ್ನು ನೋಡಿ ಪದವನ್ನು ಆರಿಸಿಕೊಳ್ಳಲಿ.

ಫಲಕದ ಬಗ್ಗೆ ಒಂದು ಮಾತು. ಆ ಚಿತ್ರದ ಕೊನೆಯಲ್ಲಿ ತೆರೆಯ ಮೇಲೆ ಒಂದು ಮನವಿ ಬರುತ್ತದೆ: ನೀವು ಪಿಶಾಚಿಗಳಾಗಬೇಡಿ, ನಿಮ್ಮ ಗೆಳೆಯರಿಗೆ ಈ ಚಿತ್ರದಲ್ಲಿ ಹುಟ್ಟಬಹುದಾದ ಆಸಕ್ತಿಯನ್ನು ಹಾಳುಮಾಡಬೇಡಿ, ನೀವು ಕಂಡದ್ದನ್ನು ಅವರಿಗೆ ಹೇಳಬೇಡಿ. ಇದರಲ್ಲಿ ತಿರುವು ಎಂಬ ಪದವೂ ಇಲ್ಲ, ಅಂತ್ಯ ಎಂಬ ಪದವೂ ಇಲ್ಲ. ಇಲ್ಲೊಂದು ತಿರುವಿದೆ ಎಂದು ಬಾಗಿಲಲ್ಲಿಯೇ ಬರೆದು ನಿಲ್ಲಿಸಿದರೆ ಬಂದವರು ಮೊದಲ ದೃಶ್ಯದಿಂದಲೇ ಅದನ್ನು ಹುಡುಕುತ್ತ ಕೂರುತ್ತಾರೆ ಮತ್ತು ಅವರ ಅರ್ಧ ಬೆರಗನ್ನು ನಾವೇ ಕಸಿದುಕೊಂಡಂತಾಗುತ್ತದೆ. ಫಲಕಕ್ಕೆ ನಾಮಪದ ಬೇಡ. ಪರಿಚಯಪತ್ರವನ್ನೂ ಚಿತ್ರ ಮುಗಿದ ಮೇಲೆ ಕೈಗೆ ಕೊಡಿ.

ಬೆಂಗಳೂರಿನಿಂದ

ಫಲಕದ ಮಾತನ್ನು ಒಪ್ಪುತ್ತೇನೆ. ‘ಟ್ವಿಸ್ಟು’ ಕನ್ನಡವಲ್ಲ ಎಂಬುದನ್ನು ಒಪ್ಪುವುದಿಲ್ಲ.

ಶಿವಮೊಗ್ಗದಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಪರಿಚಯಪತ್ರದಲ್ಲಿ ನಡುವಿನ ಎರಡು ಕಡೆ ‘ತಿರುವು’ ಎಂದೂ ಕೊನೆಯದನ್ನು ವಿವರಿಸುವಲ್ಲಿ ‘ಕತೆ ಮಗುಚಿಕೊಳ್ಳುತ್ತದೆ’ ಎಂದೂ ಬರೆದಿದ್ದೇನೆ. ಅದನ್ನು ಚಿತ್ರ ಮುಗಿದ ಮೇಲೆ ಹಂಚುತ್ತೇವೆ. ಫಲಕದ ಬರಹ ಹೀಗಿದೆ: ‘ಚಿತ್ರ ಸರಿಯಾಗಿ ಆರು ಗಂಟೆಗೆ ಶುರುವಾಗುತ್ತದೆ. ಆಮೇಲೆ ಬಾಗಿಲು ತೆರೆಯುವುದಿಲ್ಲ. ಒಳಗೆ ಕಂಡದ್ದನ್ನು ಹೊರಗಿನವರಿಗೆ ದಯವಿಟ್ಟು ಹೇಳಬೇಡಿ.’ ಕಾಗುಣಿತದಲ್ಲಿ ತಪ್ಪಿದ್ದರೆ ಇಂದು ನಾಲ್ಕು ಗಂಟೆಯೊಳಗೆ ತಿಳಿಸಬೇಕೆಂದು ಕೋರುತ್ತೇನೆ.