ಬೈಪಾಸ್‌ಗೆ ಕಾಲಿನ ನರ: ಉದ್ದಕ್ಕೆ ಕೊಯ್ಯಿಸಬೇಕಾ, ಕ್ಯಾಮೆರಾದಲ್ಲಿ ತೆಗೆಸಬೇಕಾ? ಅನುಭವ ಇದ್ದವರು ಹೇಳಿ

ಪಾಂಡವಪುರದಿಂದ (ಕೇಳಿದವರು):
ಅಪ್ಪನಿಗೆ 64 ವರ್ಷ, 18 ವರ್ಷದಿಂದ ಶುಗರ್. ಮೂರು ಬ್ಲಾಕ್ ಇದೆ, ಮೈಸೂರಿನಲ್ಲಿ ಬೈಪಾಸ್ ಗೊತ್ತಾಗಿದೆ. ಗ್ರಾಫ್ಟ್ (ಬ್ಲಾಕ್ ದಾಟಿಸಿ ಜೋಡಿಸುವ ನಾಳ) ಒಂದು ಎದೆಯೊಳಗಿಂದ, ಎರಡು ಕಾಲಿನಿಂದ. ಕ್ಯಾಮೆರಾದಲ್ಲಿ ತೆಗೆಯಬೇಕಾದರೆ ಕಿಟ್‌ಗೆ 38 ಸಾವಿರ ಜಾಸ್ತಿ ಅಂದರು. ಬಲಗಾಲಿನಲ್ಲಿ ನರ ಉಬ್ಬಿಕೊಂಡು ಗಂಟು ಗಂಟಾಗಿದೆ. ಏನು ಮಾಡೋಣ?

ಮದ್ದೂರಿನಿಂದ:
ಕಿಟ್ ದುಡ್ಡು ಉಳಿಸಲು ಹೋಗಬೇಡಿ. ನಾವು ಉಳಿಸಿ ಅನುಭವಿಸಿದ್ದೇವೆ. ನಮ್ಮಮ್ಮನಿಗೆ ಹಿಮ್ಮಡಿ ಗಂಟಿನಿಂದ ತೊಡೆವರೆಗೂ ಕೊಯ್ದಿದ್ದರು. ಎದೆ ಗಾಯ ಬೇಗ ಒಣಗಿತು, ಅದರ ಬಗ್ಗೆ ಒಂದು ದಿನವೂ ಅಮ್ಮ ದೂರಲಿಲ್ಲ. 11ನೇ ದಿನ ಮಂಡಿ ಕೆಳಗೆ ನಾಲ್ಕು ಬೆರಳಷ್ಟು ಬಾಯಿ ಬಿಟ್ಟುಕೊಂಡಿತು. ಹಳದಿ ನೀರು ಸೋರಿ ಸೀರೆ ಅಂಚು ಗಾಯಕ್ಕೆ ಅಂಟಿಕೊಳ್ಳುತ್ತಿತ್ತು. ಬಿಸಿನೀರು ಹಾಕಿ ನೆನೆಸಿ ಬಿಡಿಸುವಾಗ ಅಮ್ಮ ಮಂಚದ ಕಾಲು ಹಿಡಿದುಕೊಂಡಿರುತ್ತಿದ್ದರು.
ಲೆಕ್ಕ ಬರೆದಿಟ್ಟಿದ್ದೇನೆ. ಡ್ರೆಸ್ಸಿಂಗ್ 26 ಸಲ, 350ರಂತೆ 9,100. ಪ್ರತಿ ಸಲ ಮಂಡ್ಯಕ್ಕೆ ಆಟೋ ಹೋಗಿ ಬರಲು 600, ಅದು 15,600. ಸ್ಪಂಜ್ ಇಟ್ಟು ಮಿಷನ್‌ನಲ್ಲಿ ಎಳೆಯುವ ವ್ಯಾಕ್ ಡ್ರೆಸ್ಸಿಂಗ್ ಮೂರು ಸಲ, 22,500. ಆ್ಯಂಟಿಬಯಾಟಿಕ್ ಇಂಜೆಕ್ಷನ್ 14 ದಿನ, 1,180ರಂತೆ 16,520. ಒಟ್ಟು 63,720. ತಂಗಿ ಸಂಬಳ ಕಳೆದುಕೊಂಡದ್ದು ಇದರಲ್ಲಿ ಸೇರಿಲ್ಲ.

ಮೈಸೂರು ಕುವೆಂಪುನಗರದಿಂದ:
ನನಗೇ ಆಗಿದ್ದು. ಕ್ಯಾಮೆರಾ. ಮಂಡಿ ಹತ್ತಿರ ಎರಡೂವರೆ ಸೆಂಟಿಮೀಟರ್, ತೊಡೆಸಂದಿಯಲ್ಲಿ ಒಂದು ಚಿಕ್ಕ ಗೀರು, ಅಷ್ಟೇ. ಒಳಗೆ ಗ್ಯಾಸ್ ತುಂಬಿ ಜಾಗ ಮಾಡಿಕೊಂಡು ನಾಳ ಬಿಡಿಸುತ್ತಾರೆ. ಮೂರು ವಾರ ತೊಡೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ನಿಜ. ಆದರೆ ಐದನೇ ದಿನಕ್ಕೆ ನಾನೇ ಬಾತ್‌ರೂಮಿಗೆ ನಡೆದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1,150 ಜನರ ಮೇಲೆ ಮಾಡಿದ ಅಧ್ಯಯನ 2019ರಲ್ಲಿ ಬಂತು. ಸಾವು, ಹಾರ್ಟ್ ಅಟ್ಯಾಕ್, ಮತ್ತೆ ಸ್ಟೆಂಟ್ ಅಥವಾ ಬೈಪಾಸ್ ಎಲ್ಲ ಸೇರಿಸಿದರೆ ಕ್ಯಾಮೆರಾದವರಲ್ಲಿ ಶೇ. 13.9, ಕೊಯ್ದವರಲ್ಲಿ ಶೇ. 15.5. ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಕಾಲಿನ ಸೋಂಕು ಮಾತ್ರ 1.4 ಮತ್ತು 3.1. ಶುಗರ್ ಇದ್ದವರಿಗೆ ಬೇರೆ ಯೋಚನೆಯೇ ಬೇಡ.

ಹೂಟಗಳ್ಳಿಯಿಂದ:
ಗಾಯ ಚಿಕ್ಕದಾದರೆ ಸಾಕಾ ಸಾರ್? ನಮ್ಮಣ್ಣನಿಗೂ ಕ್ಯಾಮೆರಾದಲ್ಲೇ ತೆಗೆದದ್ದು. ಕಾಲು ನೋಡಿ ಎಲ್ಲರೂ ಹೊಗಳಿದರು. 14 ತಿಂಗಳಿಗೆ ಎರಡು ಗ್ರಾಫ್ಟ್‌ನಲ್ಲಿ ಒಂದು ಮುಚ್ಚಿಕೊಂಡಿತ್ತು. ಮತ್ತೆ ಆಂಜಿಯೋ, ಮತ್ತೆ ಸ್ಟೆಂಟ್, 1 ಲಕ್ಷ 92 ಸಾವಿರ. ಅತ್ತಿಗೆ ಎರಡೆಳೆ ಸರ ಅಡವಿಟ್ಟರು, ಇನ್ನೂ ಬಿಡಿಸಿಲ್ಲ. ಒಳಗೆ ಎಳೆದಾಡಿದರೆ ನಾಳದ ಒಳಪದರಕ್ಕೆ ಏಟು ಬೀಳುತ್ತದೆ, ಅದು ಹೊರಗೆ ಕಾಣುವುದಿಲ್ಲ. 2009ರ ಅಧ್ಯಯನವನ್ನೂ ಹೇಳಿ. ವರ್ಷ, ಒಂದೂವರೆ ವರ್ಷಕ್ಕೆ ಗ್ರಾಫ್ಟ್ ಕೆಟ್ಟದ್ದು ಕ್ಯಾಮೆರಾದವರಲ್ಲಿ ಶೇ. 46.7, ಕೊಯ್ದವರಲ್ಲಿ 38.

ಕುವೆಂಪುನಗರದಿಂದ:
ಅದು ಒಂದು ಔಷಧಿ ಪರೀಕ್ಷೆಗೆ ಅಂತ ಮಾಡಿದ ಅಧ್ಯಯನ. ಯಾರಿಗೆ ಕ್ಯಾಮೆರಾ, ಯಾರಿಗೆ ಕೊಯ್ತ ಅಂತ ಚೀಟಿ ಎತ್ತಿ ಹಂಚಿರಲಿಲ್ಲ. 2019ರದ್ದರಲ್ಲಿ ಹಂಚಿದ್ದರು, ತೆಗೆದವರೂ ಕೈ ಪಳಗಿದವರು. ನಿಮ್ಮಣ್ಣ ಆಪರೇಷನ್ ಆದ ಮೇಲೆ ಸಿಗರೇಟು ಬಿಟ್ಟಿದ್ದರಾ?

ಹೂಟಗಳ್ಳಿಯಿಂದ:
ಅವರು ಜನ್ಮದಲ್ಲಿ ಸಿಗರೇಟು ಮುಟ್ಟಿದವರಲ್ಲ. ಗೊತ್ತಿಲ್ಲದೆ ಸುಮ್ನೆ ಮಾತಾಡಬೇಡಿ. ನಾಳ ತೆಗೆದವರು ಎಷ್ಟು ಕೇಸ್ ಮಾಡಿದ್ದಾರೆ ಅಂತ ನಾವು ಕೇಳಲಿಲ್ಲ. ಅದೊಂದೇ ನಮ್ಮ ತಪ್ಪು.

ಶ್ರೀರಂಗಪಟ್ಟಣದಿಂದ:
ಮೊದಲು ನರ ಅನ್ನುವುದನ್ನು ಬಿಡಿ. ತೆಗೆಯುವುದು ರಕ್ತನಾಳ. ನಿಜವಾದ ನರ ಅದರ ಪಕ್ಕದಲ್ಲೇ ಓಡುತ್ತದೆ, ಅದಕ್ಕೆ ಏಟು ಬಿದ್ದರೆ ಕಾಲಿನ ಒಳಬದಿ ಮರಗಟ್ಟುತ್ತದೆ. ನನಗೆ ಎರಡು ವರ್ಷವಾಯಿತು, ಹಿಮ್ಮಡಿ ಗಂಟಿನ ಪಕ್ಕ ಸೊಳ್ಳೆ ಕಚ್ಚಿದರೂ ಗೊತ್ತಾಗುವುದಿಲ್ಲ. ಆದರೂ ಬೇಸರವಿಲ್ಲ. ನನ್ನ ಡಾಕ್ಟರು ನಾಳವನ್ನು ಸುತ್ತಲಿನ ಕೊಬ್ಬಿನ ಸಮೇತ, ಮುಟ್ಟದೆ ಹಿಗ್ಗಿಸದೆ ತೆಗೆದರು. ಸ್ವೀಡನ್‌ನಲ್ಲಿ ಶುರುವಾದ ರೀತಿ. ಅಲ್ಲಿ 16 ವರ್ಷದ ಮೇಲೆ ನೋಡಿದಾಗ ಹೀಗೆ ತೆಗೆದ ಗ್ರಾಫ್ಟ್‌ಗಳಲ್ಲಿ ಶೇ. 83 ತೆರೆದಿದ್ದವು, ಮಾಮೂಲಿಯವು ಶೇ. 64. ಕೊಯ್ತ ಉದ್ದ, ಗಾಯ ನಿಧಾನ. ನಾನು ಹೃದಯಕ್ಕಾಗಿ ಆಪರೇಷನ್ ಮಾಡಿಸಿಕೊಂಡೆ, ಕಾಲಿನ ಅಂದಕ್ಕಲ್ಲ.

ಮದ್ದೂರಿನಿಂದ:
ಅಂದದ ಮಾತು ಯಾರು ಆಡಿದರು? ನಮ್ಮಮ್ಮ ನಾಲ್ಕು ತಿಂಗಳು ಕಾಲು ಊರಲಿಲ್ಲ ಸ್ವಾಮಿ.

ಮಳವಳ್ಳಿಯಿಂದ:
ನಮ್ಮ ಮಾವನಿಗೆ ಆಯುಷ್ಮಾನ್ ಕಾರ್ಡಿನಲ್ಲಿ ಆಯಿತು. ಕ್ಯಾಮೆರಾ ಬೇಕಾ ಅಂತ ಯಾರೂ ಕೇಳಲಿಲ್ಲ, ಕೊಯ್ದರು, ವಾಸಿಯಾಯಿತು. ಈಗ ಟ್ರ್ಯಾಕ್ಟರ್ ಓಡಿಸುತ್ತಾರೆ. ಸುಮ್ನೆ ಹೆದರಿಸಬೇಡಿ.

ಮದ್ದೂರಿನಿಂದ:
ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡು ಬಿಪಿಎಲ್ ಕಾರ್ಡಾ? ಕೂಲಿ ಮಾಡುವ ನಮಗೆ ಕಾರ್ಡ್ ತಿದ್ದುಪಡಿಗೇ ಎಂಟು ತಿಂಗಳು ಅಲೆದಾಟ.

ಮಳವಳ್ಳಿಯಿಂದ:
ಟ್ರ್ಯಾಕ್ಟರ್ ಬಾಡಿಗೆಯದ್ದು ಅಕ್ಕ. ಬೇರೆಯವರ ಮನೆ ಲೆಕ್ಕ ನಿಮಗ್ಯಾಕೆ?

ಪಾಂಡವಪುರದಿಂದ (ಕೇಳಿದವರು):
ದಯವಿಟ್ಟು ಜಗಳ ಬೇಡ. ಸೋಮವಾರ ಅಡ್ಮಿಟ್ ಮಾಡಬೇಕು. ಅಪ್ಪನ ಬಲಗಾಲಿನ ಬಗ್ಗೆ ಯಾರೂ ಹೇಳಲಿಲ್ಲ.

ಮೈಸೂರು ಚಾಮರಾಜಪುರಂನಿಂದ:
ನೋಡಮ್ಮಾ, ನಾನು 22 ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಉಬ್ಬಿ ಗಂಟಾದ ನಾಳ ಗ್ರಾಫ್ಟ್‌ಗೆ ಬರುವುದಿಲ್ಲ, ಯಾವ ರೀತಿ ತೆಗೆದರೂ ಅಷ್ಟೇ. ಅಪ್ಪನನ್ನು ನಿಲ್ಲಿಸಿ ಎರಡೂ ಕಾಲಿಗೆ ಡಾಪ್ಲರ್ (ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ) ಸ್ಕ್ಯಾನ್ ಮಾಡಿಸಿ, ಎಡಗಾಲಿನ ನಾಳ ಎಷ್ಟು ದಪ್ಪ ಇದೆ ಅಂತ ನೋಡಿಸಿ, ಚರ್ಮದ ಮೇಲೆ ಪೆನ್ನಿನಲ್ಲಿ ಗೆರೆ ಎಳೆಸಿಕೊಳ್ಳಿ. ಎಡಗಾಲೂ ಸರಿಯಿಲ್ಲದಿದ್ದರೆ ಮುಂಗೈ ರಕ್ತನಾಳ ಆಗುತ್ತದಾ ಅಂತ ಕೇಳಿ. ಹಾಗಿದ್ದರೆ ಆ ಕೈಗೆ ಈಗಿನಿಂದಲೇ ಸೂಜಿ ಚುಚ್ಚಲು ಬಿಡಬೇಡಿ. 38 ಸಾವಿರದ ಮಾತು ಅದಾದ ಮೇಲೆ.