ಸರ್ವರ್ ಅಪ್‌ಗ್ರೇಡ್: ತಿದ್ದಿಟ್ಟ ಅಪಾಚೆ ಫೈಲುಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಉಡುಪಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜು ಗ್ರಂಥಾಲಯದ ಸರ್ವರಿನಲ್ಲಿರುವ ಉಬುಂಟು (ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ) 20.04ರ ಸಾಮಾನ್ಯ ಬೆಂಬಲದ ಅವಧಿ 2025ರಲ್ಲೇ ಮುಗಿದಿರುವುದರಿಂದ ಅದನ್ನು 22.04ಕ್ಕೆ ಏರಿಸಬೇಕಾಗಿದೆ. ಹಳೆಯ ಕನ್ನಡ, ತುಳು ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳ ತಾಣ ಅದರಲ್ಲಿದ್ದು, ಹಿಂದೆ ಇದನ್ನು ನೋಡಿಕೊಳ್ಳುತ್ತಿದ್ದವರು ತಾಣವನ್ನು ಓದುಗರಿಗೆ ತಲುಪಿಸುವ ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆಯ ಮುಖ್ಯ ಕಾನ್ಫಿಗರೇಶನ್ (ಸೆಟ್ಟಿಂಗ್) ಫೈಲಿನೊಳಗೇ ಹಲವು ಬದಲಾವಣೆಗಳನ್ನು ಮಾಡಿದ್ದಾರೆ. ಪ್ರಯೋಗಕ್ಕೆಂದು ಇನ್ನೊಂದು ಯಂತ್ರದಲ್ಲಿ ಅಪ್‌ಗ್ರೇಡ್ ಮಾಡಿದಾಗ, ಇರುವ ಫೈಲನ್ನೇ ಉಳಿಸಬೇಕೇ ಅಥವಾ ಪ್ಯಾಕೇಜಿನ (ತಂತ್ರಾಂಶದ ಕಟ್ಟಿನ) ಜೊತೆ ಬಂದ ಹೊಸ ಫೈಲನ್ನು ಹಾಕಬೇಕೇ ಎಂಬ ಪ್ರಶ್ನೆ ನಡುವೆ ಎದುರಾಯಿತು. ಯಾವುದನ್ನು ಆರಿಸಬೇಕು?

ಉತ್ತರ 1 (ಮಂಗಳೂರಿನಿಂದ)

ಇರುವುದನ್ನೇ ಉಳಿಸಿಕೊಳ್ಳಿ ಮೇಡಂ. ಫೈಲನ್ನು ನಿಮ್ಮ ಕಡೆಯವರೂ ತಿದ್ದಿ, ಪ್ಯಾಕೇಜಿನವರೂ ಬದಲಿಸಿದ್ದಾಗ ಮಾತ್ರ ಆ ಪ್ರಶ್ನೆ ಬರುತ್ತದೆ. ಸುಮ್ಮನೆ ಎಂಟರ್ ಒತ್ತಿದರೂ ಹಳೆಯದೇ ಉಳಿಯುತ್ತದೆ. ಹೊಸದು ಅದರ ಪಕ್ಕದಲ್ಲಿ ‘ಡಿಪಿಕೆಜಿ-ಡಿಸ್ಟ್’ ಎಂಬ ಬಾಲದೊಂದಿಗೆ ಬಂದು ಕೂರುತ್ತದೆ. ಆಮೇಲೆ ಎರಡನ್ನೂ ಡಿಫ್ ಹಾಕಿ ಹೋಲಿಸಿ ನೋಡಲೇಬೇಕು. ಶುರುಮಾಡುವ ಮೊದಲು ಸೆಟ್ಟಿಂಗ್ ಫೈಲುಗಳಿರುವ ‘ಇಟಿಸಿ’ ಫೋಲ್ಡರನ್ನು ಪೂರ್ತಿಯಾಗಿ ಬೇರೆ ಯಂತ್ರಕ್ಕೆ ನಕಲಿಸಿಡಿ. ಮಳೆಗಾಲವಾದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಉತ್ತರ 2 (ಸುರತ್ಕಲ್‌ನಿಂದ)

ಮೇಲಿನ ಸಲಹೆ ಸರಿಯಾಗಿದೆ. ಆದರೆ ನನಗೆ ಹೆಚ್ಚು ಚಿಂತೆಯಿರುವುದು ಪ್ರಶ್ನೆಯನ್ನೇ ಕೇಳದ ಫೈಲುಗಳ ಬಗ್ಗೆ. ಅಪಾಚೆ ಎರಡೂ ಕಡೆ 2.4ರ ಸರಣಿಯದೇ ಆಗಿರುವುದರಿಂದ ಅಲ್ಲಿ ದೊಡ್ಡ ತೊಡಕಿಲ್ಲ. ತಾಣದ ಪ್ರೋಗ್ರಾಂಗಳನ್ನು ಓಡಿಸುವ ಪಿಎಚ್‌ಪಿ ಮಾತ್ರ 7.4ರಿಂದ 8.1ಕ್ಕೆ ಹೋಗುತ್ತದೆ, ಮತ್ತು ಪ್ರತಿ ಆವೃತ್ತಿಗೂ ಬೇರೆಯೇ ಫೋಲ್ಡರ್ ಇರುವುದರಿಂದ ಅದರ ಹಳೆಯ ಸೆಟ್ಟಿಂಗ್ ಫೈಲಾದ ‘ಪಿಎಚ್‌ಪಿ.ಐಎನ್‌ಐ’ಯಲ್ಲಿ ತಿದ್ದಿದ್ದು ಯಾವುದೂ ಹೊಸದಕ್ಕೆ ತಾನಾಗಿ ಬರುವುದಿಲ್ಲ. ಅಪ್‌ಲೋಡ್ ಮಿತಿ ಮತ್ತೆ 2 ಎಂಬಿಗೆ ಇಳಿದಿರುತ್ತದೆ. ಪುಟಗಳು ಎಂದಿನಂತೆ ತೆರೆದುಕೊಳ್ಳುವುದರಿಂದ, ಯಾರಾದರೂ ದೊಡ್ಡ ಪಿಡಿಎಫ್ ಏರಿಸಲು ಹೋಗುವವರೆಗೆ ಅದು ಗಮನಕ್ಕೇ ಬಾರದು. ಆದ್ದರಿಂದ ಬೇಕಾದ ಮೌಲ್ಯಗಳನ್ನು ಹೊಸ ಫೈಲಿಗೆ ಕೈಯಾರೆ ಬರೆಯಿರಿ. ಹಳೆಯ ಫೈಲನ್ನೇ ಇಡಿಯಾಗಿ ಅದರ ಮೇಲೆ ನಕಲಿಸಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ ಸರ್. ಮುಂದಿನ ಅಪ್‌ಗ್ರೇಡಿನಲ್ಲಿ ಈ ಗೊಂದಲ ಬಾರದಂತೆ ಮಾಡಲು ದಾರಿಯಿದೆಯೇ?

ಉತ್ತರ 1 (ಮಂಗಳೂರಿನಿಂದ)

ಖಂಡಿತ ಇದೆ. ನಿಮ್ಮ ಬದಲಾವಣೆಗಳನ್ನೆಲ್ಲ ಮುಖ್ಯ ಫೈಲಿನಿಂದ ಹೊರತೆಗೆದು ‘ಕಾನ್ಫ್-ಅವೈಲಬಲ್’ ಫೋಲ್ಡರಿನಲ್ಲಿ ನಿಮ್ಮದೇ ಹೆಸರಿನ ಒಂದು ಫೈಲಿಗೆ ಹಾಕಿ, ‘ಎ2ಎನ್‌ಕಾನ್ಫ್’ ಆಜ್ಞೆಯಿಂದ ಚಾಲೂ ಮಾಡಿ, ಮುಖ್ಯ ಫೈಲನ್ನು ಪ್ಯಾಕೇಜಿನ ಮೂಲರೂಪಕ್ಕೆ ತನ್ನಿ. ಆ ಫೋಲ್ಡರಿನ ಫೈಲುಗಳನ್ನು ಅಪಾಚೆ ಮುಖ್ಯ ಫೈಲಿನ ಕೊನೆಯ ಭಾಗದಲ್ಲಿ ಓದುವುದರಿಂದ ಸಾಮಾನ್ಯವಾಗಿ ನಿಮ್ಮ ಮೌಲ್ಯವೇ ನಿಲ್ಲುತ್ತದೆ. ಅಪಾಚೆಯನ್ನು ರೀಲೋಡ್ ಮಾಡುವ ಮುನ್ನ ‘ಕಾನ್ಫಿಗ್‌ಟೆಸ್ಟ್’ ಓಡಿಸಿ; ಅದು ಬರವಣಿಗೆಯ ತಪ್ಪನ್ನಷ್ಟೇ ಹಿಡಿಯುತ್ತದೆಯಾದ್ದರಿಂದ ನಂತರ ಒಂದು ದೊಡ್ಡ ಪಿಡಿಎಫ್ ಏರಿಸಿಯೂ ನೋಡಿ.