ಪದ ಬೇಕು, ಇವತ್ತೇ: ಕುದುರೆಯ ಕೀಲಿನೊಳಗಿನ ‘ಸಿನೋವಿಯಲ್ ಫ್ಲೂಯಿಡ್’

ಬಳ್ಳಾರಿಯಿಂದ:
ನಮಸ್ಕಾರ. ಟಾಂಗಾ ಕುದುರೆಗಳ ತಪಾಸಣೆ ಶಿಬಿರಕ್ಕೆ ಫ್ಲೆಕ್ಸ್ ಬರೆದುಕೊಡಬೇಕು, ಅಂಗಡಿಯವರು ಸಂಜೆ ಐದರವರೆಗೆ ಕಾಯುತ್ತಾರೆ. ಕುಂಟುವ ಕುದುರೆಯ ಕೀಲಿಗೆ ಸೂಜಿ ಹಾಕಿ ಒಳಗಿನದನ್ನು ತೆಗೆದು ನೋಡುತ್ತಾರಲ್ಲ, ಅದಕ್ಕೆ ಏನೆನ್ನೋಣ? ‘ಸಂಧಿದ್ರವ’ ಎಂದರೆ ಟಾಂಗಾದವರು ಓದದೆ ಮುಂದೆ ಹೋಗುತ್ತಾರೆ. ‘ಕೀಲುನೀರು’ ನಡೆಯುತ್ತದೆಯೇ? ‘ಅಕ್ಯೂಟ್’ಗೆ ‘ತೀವ್ರ’ ಹಾಕಿದ್ದೇನೆ.

ರಾಯಚೂರಿನಿಂದ:
ಕೀಲೆಣ್ಣೆ. ಮುಗೀತು. ಬಂಡಿಗೆ ಹಾಕೋ ಎಣ್ಣೆಗೆ ನಮ್ಮ ಹಿರೇರು ಇಟ್ಟ ಹೆಸರು ಅದ. ಬಂಡಿ ಕೀಲಿಗೂ ಕಾಲಿನ ಕೀಲಿಗೂ ಬೇಕಾದದ್ದು ಒಂದೇ, ಜಾರಿಕೆ. ಕೀಲು ಅಚ್ಚಗನ್ನಡ. ಸಂಧಿ ವ್ಯಾಕರಣದಾಗ ಇರಲಿ. ಕುದುರೆ ಕಾಲಾಗ ಲೋಪಸಂಧಿ ಹುಡುಕೋದು ಬ್ಯಾಡ.

ಕೊಪ್ಪಳದಿಂದ (ದನದ ಡಾಕ್ಟರು):
‘ನೀರು’ ಬೇಡವೇ ಬೇಡ. ಆರೋಗ್ಯದ ಕೀಲಿನಲ್ಲಿ ಅದು ತಿಳಿಹಳದಿ, ಬೆರಳಲ್ಲಿ ಹಿಡಿದು ಎಳೆದರೆ ಎಳೆ ಬರುತ್ತದೆ. ಹಯಲುರೋನಿಕ್ ಆಮ್ಲದಿಂದ ಬಂದ ಅಂಟು ಅದು. ಸೋಂಕು ತಗುಲಿತೋ, ಎಳೆ ಹೋಗಿ ನೀರಾಗಿ ಕದಡುತ್ತದೆ. ನೀವು ಹೆಸರು ಅಂತ ಬರೆಯಹೊರಟಿದ್ದು ರೋಗದ ಗುರುತು! ಮೈಕ್ರೋಲೀಟರಿಗೆ ಸಾವಿರದೊಳಗೆ ಇರಬೇಕಾದ ಬಿಳಿರಕ್ತಕಣ 30,000 ದಾಟಿ, ಅದರಲ್ಲಿ ಹೆಚ್ಚಿನವು ನ್ಯೂಟ್ರೋಫಿಲ್ (ಸೋಂಕಿನ ಮೇಲೆ ಮೊದಲು ನುಗ್ಗುವ ಬಗೆಯ ಬಿಳಿಕಣ) ಆಗಿದ್ದರೆ ಕೀಲಿಗೆ ಸೋಂಕು ಹೊಕ್ಕಿದೆ ಎಂದೇ ಹಿಡಿದು ತಡಮಾಡದೆ ತೊಳೆಯಬೇಕು. ‘ತೀವ್ರ’ವೂ ತಪ್ಪು. ಅಕ್ಯೂಟ್ ಅಂದರೆ ದಿಢೀರನೆ ಬಂದದ್ದು. ನೋವು ಎಷ್ಟು ಅನ್ನೋದು ಬೇರೆ ಮಾತು. ಹಾಗಂತ ದಿಢೀರ್ ಕುಂಟೆಲ್ಲ ಕೀಲಿನದಲ್ಲ, ಗೊರಸಿನೊಳಗೆ ಕೀವು ಕಟ್ಟಿದರೂ ಕಾಲು ಊರುವುದಿಲ್ಲ. ಮೊದಲು ಗೊರಸು ನೋಡಿ.

ಬಳ್ಳಾರಿಯಿಂದ:
ಹಾಗಾದರೆ ‘ಕೀಲಿನ ಲೋಳೆ’?

ಕೊಪ್ಪಳದಿಂದ:
ಲೋಳೆ ಮೂಗಿಗೆ ಹೋಗಿಯಾಗಿದೆ. ಲೋಳೆಪೊರೆ ಅಂತ ಶಾಲೆ ಪುಸ್ತಕದಲ್ಲೇ ಇದೆ.

ಸಿರುಗುಪ್ಪದಿಂದ:
ಮೇಷ್ಟ್ರೇ, ಕೀಲು ಅಚ್ಚಗನ್ನಡ ಎಂದು ಗುದ್ದಿ ಹೇಳುವ ಮೊದಲು ಸಂಸ್ಕೃತದ ‘ಕೀಲ’ ನೋಡಿ. ಗೂಟ, ಬೆಣೆ. ಕೀಲಿನ ಜಾರಿಕೆಗೆ ಆಯುರ್ವೇದದಲ್ಲಿ ‘ಶ್ಲೇಷಕ ಕಫ’ ಎಂಬ ಹೆಸರೇ ಇದೆ, ಹೊಸದಾಗಿ ಎಣ್ಣೆ ಹಿಂಡುವುದು ಬೇಕಿಲ್ಲ. ಸಿನೋವಿಯಾ ಎಂಬುದೂ 16ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ಸ್ವಿಸ್ ವೈದ್ಯ ಕಟ್ಟಿದ ಪದ, ಮೊಟ್ಟೆಯ ಬಿಳಿಯನ್ನು ನೆನೆದು ಕಟ್ಟಿದ್ದೆನ್ನುತ್ತಾರೆ.

ರಾಯಚೂರಿನಿಂದ:
‘ಕೀಲ’ ಅವರು ನಮ್ಮಿಂದ ಒಯ್ದದ್ದು. ತಮಿಳಿನಾಗೂ ಕೀಲ್ ಅದ. ಕಫ ಅಂತ ಬರೀರಿ, ಕುದುರಿಗೆ ಕೆಮ್ಮಿನ ಔಷಧ ಕುಡಸ್ತಾರ.

ಸಿರುಗುಪ್ಪದಿಂದ:
ಅಷ್ಟು ಮಡಿಯಾದರೆ ಲಗಾಮು, ಜೀನು, ಚಾಬೂಕು, ಸವಾರ ಎಲ್ಲವನ್ನೂ ಪಾರಸಿಯವರಿಗೆ ವಾಪಸ್ ಕೊಡಿ. ಲಾಳವೂ ಅರಬ್ಬಿಯ ‘ನಾಲ್’. ಕುದುರೆ ಒಂದೇ ನಿಮ್ಮದು, ಬರಿಬೆನ್ನಿನ ಮೇಲೆ ಹತ್ತಿ. ಕುಂಟಿದರೆ ಒಯ್ಯುವುದು ಮತ್ತೆ ದವಾಖಾನಿಗೇ ಅಲ್ಲವೇ?

ರಾಯಚೂರಿನಿಂದ:
ನಿಮ್ಮ ‘ಆಸ್ಪತ್ರೆ’ ಯಾವ ವೇದದಾಗ ಅದ? ನಾವು ನಿಜಾಮನ ಕೈಯಾಗ ಇದ್ದಿವಿ, ನೀವು ಮದ್ರಾಸಿನವರ ಕೈಯಾಗ. ಅಷ್ಟೇ ಫರಕು.

ಕೊಪ್ಪಳದಿಂದ:
ಇಬ್ಬರೂ ಸ್ವಲ್ಪ ಸುಮ್ಮನಿರಿ. ‘ಕೀಲೆಣ್ಣೆ’ ನನಗೂ ಇಷ್ಟ, ಆದರೆ ಫ್ಲೆಕ್ಸಿಗೆ ಹಾಕಬೇಡಿ. ಓದಿದವರು ಎಣ್ಣೆ ಒಣಗಿದೆ ಅಂದುಕೊಂಡು ಊದಿದ ಕೀಲಿಗೆ ಎಣ್ಣೆ ತಿಕ್ಕುತ್ತಾ ಕೂರುತ್ತಾರೆ. ಹಾಗೆ ತಿಕ್ಕಿ ತಿಕ್ಕಿ ನಾಲ್ಕನೇ ದಿನ ಹೊಡೆದುಕೊಂಡು ಬಂದ ಕುದುರೆಯನ್ನು ನೋಡಿದ್ದೇನೆ. ಸೂಜಿ ಹಾಕಿದರೆ ಬಂದದ್ದು ಕೀವು.

ಬಳ್ಳಾರಿಯಿಂದ:
ಕೊಟ್ಟು ಬಂದೆ. ‘ಕುದುರೆ ಇದ್ದಕ್ಕಿದ್ದಂತೆ ಕುಂಟುತ್ತಿದೆಯೇ? ಎಣ್ಣೆ ತಿಕ್ಕಬೇಡಿ. ಗೊರಸು ತೋರಿಸಿ, ಕೀಲಿನ ದ್ರವ ಪರೀಕ್ಷೆ ಮಾಡಿಸಿ.’ ಎಲ್ಲರಿಗೂ ಧನ್ಯವಾದ.

ರಾಯಚೂರಿನಿಂದ:
ದ್ರವ, ಪರೀಕ್ಷೆ ಎರಡೂ ಸಂಸ್ಕೃತ. ಮತ್ತ ನಮ್ಮನ್ನ ಕೇಳಿದ್ದು ಯಾಕ?